ಸಾಯದ ಹಾವಿನ ಪಾಠ

ಮಗಳು ಮಲಗಿಕೊಂಡು ಹೇಳುತ್ತಿದ್ದಳು, ನಾನು ಕುಳಿತು ಕಂಪ್ಯೂಟರಿನ ಗುಂಡಿ ಒತ್ತುತ್ತಿದ್ದೆ. ಆ ಮಳೆಗಾಲದಲ್ಲಿ ಕಾಪುವಿನ ನಮ್ಮ ಮನೆಯಲ್ಲಿ ನಡೆದ ಕೆಲಸ ಇದು. ಅವಳಿಗೆ ಆಗ ಐದನೇ ತಿಂಗಳು. ಅದಕ್ಕೆ ಮೊದಲು ಒಂದು ಮೂರನೇ ತಿಂಗಳಿನಲ್ಲೇ ಹೋಗಿತ್ತು. ಹಾಗಾಗಿ ಈ ಸಲ ಮಣಿಪಾಲದ ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟಿದ್ದರು, ಬಚ್ಚಲಿಗೆ ಹೋಗಲು ಮಾತ್ರ ಏಳಿ, ಉಳಿದ ಹೊತ್ತು ಮಲಗಿ ಎಂದು. ಅಳಿಯ ಇರುವುದು ಮಸ್ಕತ್‌ನಲ್ಲಿ. ಮಗಳು ಕೆಲಸಕ್ಕೆ ರಜೆ ಹಾಕಿ ನಮ್ಮಲ್ಲಿಗೆ ಬಂದಳು. ಬರುವಾಗ ಎರಡು ಚೂಡಿದಾರ, ಒಂದು ಲ್ಯಾಪ್‌ಟಾಪ್, ಒಂದು ಮೈಕ್ ತಂದಳು.

ಅವಳು ಮಣಿಪಾಲದಲ್ಲಿ ಕಂಪ್ಯೂಟರ್ ಗೇಮ್ ಮಾಡುವುದನ್ನು ಕಲಿಸುವ ಟೀಚರ್. ಆಡುವುದನ್ನಲ್ಲ, ಮಾಡುವುದನ್ನು. ಅದರ ಜೊತೆಗೆ ಏನೂ ಗೊತ್ತಿಲ್ಲದವರಿಗಾಗಿ ಕನ್ನಡದಲ್ಲಿ ವಿಡಿಯೋ ಪಾಠಗಳನ್ನು ಮಾಡಿ ಹಾಕುತ್ತಿದ್ದಳು. ಇಂಗ್ಲಿಷ್ ಪಾಠ ಕೇಳಿ ತಲೆ ಬಿಸಿಯಾದ ಮಕ್ಕಳು ಎಲ್ಲೆಲ್ಲಿಂದಲೋ ನೋಡುತ್ತಾರೆ. ಪಾಠ ನಿಲ್ಲಿಸಿದರೆ ಅವರಿಗೆ ಕೈ ಬಿಟ್ಟ ಹಾಗೆ ಆಗುತ್ತದೆ ಎಂದು ಅವಳಿಗೆ ಚಿಂತೆ. ಹೊಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಡಲಿಕ್ಕೆ ನಾನು ಬಿಡುವುದಿಲ್ಲ. ಕಡೆಗೆ ಅವಳೇ ದಾರಿ ಹುಡುಕಿದಳು. ಮೇಜನ್ನು ಮಂಚದ ಹತ್ತಿರ ಎಳೆದು, ಸ್ಕ್ರೀನ್ ಅವಳಿಗೆ ಕಾಣುವ ಹಾಗೆ ತಿರುಗಿಸಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಮದುವೆಗೆ ಮೊದಲು ನಾನು ಕಾರ್ಕಳದಲ್ಲಿ ಟೈಪಿಂಗ್ ಕ್ಲಾಸಿಗೆ ಹೋದವಳು. ಅಕ್ಷರಗಳು ಎಲ್ಲಿವೆ ಎಂದು ಬೆರಳಿಗೆ ಇನ್ನೂ ನೆನಪಿತ್ತು. ದೇವರು ಯಾವತ್ತೋ ಕೊಟ್ಟ ವಿದ್ಯೆ ಆ ಹೊತ್ತಿಗೆ ಕೈಗೆ ಬಂತು ಎಂದು ಅಂದುಕೊಂಡೆ.

ಬೆರಳಿಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ಒಂದು ಚುಕ್ಕೆ ಬಿಟ್ಟರೆ ಸ್ಕ್ರೀನಿನಲ್ಲಿ ಕೆಂಪು ಅಕ್ಷರ ಬರುತ್ತಿತ್ತು. “ಇದು ಎಂತ ಕೆಂಪು ಬಂತು?” ಎಂದು ನಾನು ಕೇಳಿದ್ದು ಮೈಕಿಗೆ ಬಿದ್ದು, ಅವಳು ಅದನ್ನು ಕತ್ತರಿಸಲು ಮರೆತು, ಹಾಗೆಯೇ ಹೋಯಿತು. ನೋಡಿದವರು ಕೆಳಗೆ ಬರೆದರು, ಆಂಟಿ ತಪ್ಪು ಮಾಡುವುದು ಇರಲಿ, ನಾವೂ ಅದೇ ತಪ್ಪು ಮಾಡುತ್ತೇವೆ ಎಂದು. ಅಲ್ಲಿಂದ ನನ್ನ ತಪ್ಪುಗಳಿಗೂ ಪಾಠದಲ್ಲಿ ಜಾಗ ಸಿಕ್ಕಿತು. ಚೆಂಡು ಪುಟಿಯುವ ಆಟ, ದೋಣಿ ದಡ ಸೇರುವ ಆಟ, ಅಂಗಳದಲ್ಲಿ ಒಣಗಿಸಿದ ಹಪ್ಪಳಕ್ಕೆ ಬರುವ ಕಾಗೆಗೆ ಕಲ್ಲು ಹೊಡೆಯುವ ಆಟ. ಹೀಗೆ ಹನ್ನೆರಡು ಪಾಠ ಮುಗಿಯಿತು.

ಹದಿಮೂರನೆಯದಕ್ಕೆ ಎಲ್ಲರೂ ಕೇಳಿದ್ದು ಹಾವಿನ ಆಟ. ಹಳೆಯ ಬಟನ್ ಫೋನಿನಲ್ಲಿ ಇತ್ತಲ್ಲ, ಹಾವು ಚುಕ್ಕೆ ತಿಂದು ಉದ್ದವಾಗುವುದು, ಗೋಡೆಗೆ ತಾಗಿದರೆ ಇಲ್ಲವೇ ತನ್ನ ಬಾಲವನ್ನೇ ಕಚ್ಚಿದರೆ ಸಾಯುವುದು, ಅದು. ಕಲಿಯುವವರಿಗೆ ಅಷ್ಟು ಸುಲಭದ್ದು ಬೇರೆ ಇಲ್ಲವಂತೆ.

ನಮ್ಮ ಊರಿನವರಿಗೆ ಇದರಲ್ಲಿ ಹೆದರುವಂಥದ್ದು ಎಂತ ಎಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಇಲ್ಲಿ ನಾಗರಹಾವು ಸತ್ತು ಬಿದ್ದದ್ದು ಕಂಡರೆ ನೋಡದ ಹಾಗೆ ದಾಟಿ ಹೋಗುವವರಿಲ್ಲ. ಭಟ್ಟರನ್ನು ಕರೆಸಿ, ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡಿಸುತ್ತಾರೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಕೊಂದವರಿಗೆ ದೋಷ ಉಂಟು. ಅದು ಬರುವುದು ಸಂತಾನಕ್ಕೆ, ಇಲ್ಲದಿದ್ದರೆ ಚರ್ಮಕ್ಕೆ. ಬಸುರಿ ಇರುವ ಮನೆಯಲ್ಲಂತೂ ಆ ಮಾತು ಎತ್ತುವುದೂ ಇಲ್ಲ.

“ಬೇರೆ ಎಂತಾದರೂ ಮಾಡುವ ಮಗಾ. ಮೀನು ಮಾಡುವ,” ಎಂದೆ.

“ಮೀನು ಸತ್ತರೆ ಅಡ್ಡಿ ಇಲ್ಲವಾ?”

“ಮೀನು ಇರುವುದೇ ಸಾಯಲಿಕ್ಕೆ.”

“ಪಾಠ ಎಂಟರಲ್ಲಿ ಕಾಗೆಗೆ ಕಲ್ಲು ಹೊಡೆಯುವಾಗ ಎಲ್ಲಿ ಹೋಗಿತ್ತು ನಿನ್ನ ಭಕ್ತಿ? ಅಜ್ಜ ಅಜ್ಜಿ ಬಂದಿದ್ದರೋ ಏನೋ ಅದರಲ್ಲಿ.”

ಅವಳು ನಗುತ್ತಿದ್ದಳು. ಮಲಗಿ ಮಲಗಿ ಮುಖ ಬಾಡಿಸಿಕೊಂಡಿದ್ದವಳು ನಕ್ಕಳಲ್ಲ ಎಂದು ನಾನು ಸುಮ್ಮನಾದೆ. ನಾನು ಮಾಡಿದ ತಪ್ಪು ಅದೇ.

ಆ ಸೋಮವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಶುರು ಮಾಡಿದೆವು. ಹಸಿರು ಚೌಕಗಳನ್ನು ಒಂದರ ಹಿಂದೆ ಒಂದು ಇಟ್ಟರೆ ಹಾವು. ಅದು ಹೋಗುವುದು, ತಿರುಗುವುದು, ಉದ್ದವಾಗುವುದು ಎಲ್ಲ ಆಯಿತು. ಆಮೇಲೆ ಸಾಯುವ ಭಾಗ. ತಲೆ ಗೋಡೆಗೆ ತಾಗಿದರೆ ‘ಡೆಡ್’ ಎಂಬುದು ನಿಜ ಎಂದು ಒಂದು ಸಾಲು ಬರೆಯಬೇಕು. ಅವಳು ಒಂದೊಂದೇ ಅಕ್ಷರ ಹೇಳಿದಳು, ನಾನು ಒತ್ತಿದೆ. ಬರೆದ ಮೇಲೆ ಸರಿ ಉಂಟಾ ಎಂದು ನೋಡಬೇಕಲ್ಲ.

“ಈಗ ಬೇಕೆಂದೇ ಗೋಡೆಗೆ ಹೊಡೆ ಅಮ್ಮ.”

ಹೊಡೆದೆ. ಸತ್ತಿತು.

“ಮೇಲಿನ ಗೋಡೆಗೆ. ಇನ್ನು ಎಡಗಡೆ. ಈಗ ಬಾಲಕ್ಕೆ ಕಚ್ಚಿಸು. ಬೇಗ ತಿರುಗಿಸು, ಹಾಂ.”

ಪ್ರತಿ ಸಲವೂ ಅದು ತಲೆಯಿಂದ ಬಾಲದವರೆಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಹಾಗೆ ಮಾಡಿಸಿದ್ದು ಅವಳೇ, ಸತ್ತದ್ದು ಚೆನ್ನಾಗಿ ಕಾಣಲಿ ಎಂದು. ನಾನು ಬಾಣದ ಗುಂಡಿ ಒತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಬಾಯಿಯೊಳಗೆ ಸುಬ್ರಹ್ಮಣ್ಯನ ಹೆಸರು ಹೇಳುತ್ತಿದ್ದೆ. ಹದಿನೇಳರವರೆಗೆ ಎಣಿಸಿದೆ. ಆಮೇಲೆ ಎಣಿಸಲು ಹೆದರಿಕೆಯಾಯಿತು.

ಮಧ್ಯಾಹ್ನ ಗಂಜಿ ಉಂಡು ಅವಳು ಮಲಗಿದಳು. ಮೂರು ಗಂಟೆಯ ಹೊತ್ತಿಗೆ ನಾನು ಬಟ್ಟೆ ಮಡಚುತ್ತಿದ್ದಾಗ ಬಚ್ಚಲಿನಿಂದ “ಅಮ್ಮ” ಎಂದಳು. ಜೋರಾಗಿ ಅಲ್ಲ. ಮಡಚಿದ ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ಹೋಗಿ ನೋಡಿದರೆ ನೈಟಿಯಲ್ಲಿ ರಕ್ತ.

ಕಾರು ಬೇಗ ಸಿಕ್ಕಿತು, ಅದು ಒಂದು ಪುಣ್ಯ. ಹಿಂದಿನ ಸೀಟಿನಲ್ಲಿ ಅವಳ ಕಾಲುಗಳನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡೆ. ಕಟಪಾಡಿಯಲ್ಲಿ ವಾಹನಗಳ ಸಾಲು ಇರಲಿಲ್ಲ, ಅದು ಇನ್ನೊಂದು ಪುಣ್ಯ. ಉದ್ಯಾವರದ ಸೇತುವೆ ದಾಟುವಾಗ ಅವಳು, “ಅಮ್ಮ, ಹೋಯಿತಾ ಇದೂ?” ಎಂದು ಕೇಳಿದಳು. ಇಲ್ಲ ಎಂದೆ. ಯಾವ ಧೈರ್ಯದಿಂದ ಇಲ್ಲ ಎಂದೆನೋ ಗೊತ್ತಿಲ್ಲ. ನನ್ನ ಕಣ್ಣಿನೆದುರು ಹಸಿರು ಚೌಕಗಳು ಒಂದೊಂದಾಗಿ ಬೂದು ಬಣ್ಣವಾಗುತ್ತಿದ್ದವು. ಬಾಣದ ಗುಂಡಿ ಒತ್ತಿದ ನನ್ನ ಬಲಗೈಯನ್ನು ಅವಳ ಕಾಲಿನ ಮೇಲಿನಿಂದ ತೆಗೆದು ಎಡಗೈ ಇಟ್ಟೆ.

ಸ್ಕ್ಯಾನ್ ಮಾಡಿದರು. ಮಗುವಿನ ಎದೆಬಡಿತ ಇತ್ತು. ಮಾಸಿನ ಹಿಂದೆ ರಕ್ತ ಕಟ್ಟಿದೆ, ಅಡ್ಮಿಟ್ ಮಾಡಿ, ಎರಡು ಮೂರು ದಿನ ನೋಡುವ, ಈಗಲೇ ಏನೂ ಹೇಳಲಿಕ್ಕಾಗುವುದಿಲ್ಲ ಎಂದರು ಡಾಕ್ಟರಮ್ಮ. ಯಜಮಾನರು ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಖಾಕಿ ಅಂಗಿಯಲ್ಲೇ ಬಂದು ವಾರ್ಡಿನ ಹೊರಗೆ ನಿಂತರು. ಹಾಸಿಗೆ ಕಿಟಕಿಯ ಪಕ್ಕ ಸಿಕ್ಕಿತು. ಹೆಜಮಾಡಿ ಕಡೆಯ ಒಬ್ಬ ನರ್ಸ್ ಇದ್ದಳು, ತುಳುವಿನಲ್ಲಿ ಮಾತಾಡಿಸುತ್ತಿದ್ದಳು. ಹೆದರಿಕೆಯ ದಿನಗಳಲ್ಲಿ ಇಂಥವನ್ನೆಲ್ಲ ನಾನು ಒಂದೊಂದಾಗಿ ಹಿಡಿದಿಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ನಿಲ್ಲಲಿಕ್ಕೆ ನೆಲ ಇರುವುದಿಲ್ಲ.

ಮರುದಿನ ಆ ನರ್ಸೇ ಹೇಳಿದಳು, “ಗುರುವಾರ ನಾನು ಇರುವುದಿಲ್ಲ ಅಕ್ಕ. ನಾಗರಪಂಚಮಿ ಅಲ್ವಾ.”

ಮಗಳು ಮಲಗಿದಲ್ಲಿಂದ, “ಹೌದು, ನಮ್ಮ ಹಾವಿನ ಪಾಠವೂ ಅವತ್ತೇ ಹೋಗುವುದು. ಹತ್ತು ಗಂಟೆಗೆ,” ಎಂದಳು.

“ಎಲ್ಲಿಗೆ ಹೋಗುವುದು?”

“ಎಲ್ಲರಿಗೂ. ಸೋಮವಾರ ಊಟಕ್ಕೆ ಮೊದಲೇ ಫೋನಿನಿಂದ ಹಾಕಿಟ್ಟಿದ್ದೇನೆ. ಹಬ್ಬಕ್ಕೆ ಮನೆಯಲ್ಲಿರುವವರು ನೋಡುತ್ತಾರೆ ಎಂದು ಗುರುವಾರದ ಹೊತ್ತು ಇಟ್ಟೆ. ತಾನಾಗಿಯೇ ಹೋಗುತ್ತದೆ.”

ಪಂಚಮಿಯ ದಿನ ಬೆಳಿಗ್ಗೆ ಊರಿಗೆ ಊರೇ ನಾಗಬನದಲ್ಲಿ ನಿಂತು ಹಾಲು ಎರೆಯುವ ಹೊತ್ತಿಗೆ, ನನ್ನ ಕೈಯಿಂದ ಸತ್ತ ಹಾವು ಎಲ್ಲರ ಫೋನಿನಲ್ಲಿ ಸಾಯುತ್ತಲೇ ಇರುತ್ತದೆ. ನೋಡಿದವರು ತಾವೂ ಬರೆದು ಕೊಲ್ಲುತ್ತಾರೆ. ನಾನು ಹೊರಗೆ ಹೋಗಿ ಯಜಮಾನರಿಗೆ ಎಲ್ಲ ಹೇಳಿದೆ.

“ಚಿತ್ರ ಅದು ಮಾರಾಯ್ತಿ. ಚಿತ್ರಕ್ಕೆ ಜೀವ ಉಂಟಾ?”

“ಬನದಲ್ಲಿ ಇರುವುದೂ ಕಲ್ಲೇ ಅಲ್ವಾ? ನೀವು ಅದಕ್ಕೆ ಚಪ್ಪಲಿ ಬಿಟ್ಟು ಕೈಮುಗಿಯುವುದಿಲ್ಲವಾ?”

ಅವರು ವಾರ್ಡಿನ ಬಾಗಿಲು ಎಳೆದು ಮುಚ್ಚಿದರು. “ಏನೇ ಇರಲಿ, ಅದನ್ನು ಈಗ ಅವಳ ತಲೆಗೆ ಹಾಕಬೇಡ. ಬಿಪಿ ಏರಿದರೆ ಆ ದೋಷಕ್ಕಿಂತ ಮೊದಲು ಅದೇ ಜೀವ ತೆಗೆದೀತು.”

ಅವರು ಹೇಳಿದ್ದು ಸರಿಯೇ. ಹೇಳಬಾರದು, ಆದರೆ ನಿಲ್ಲಿಸಬೇಕು. ಬುಧವಾರ ಮಧ್ಯಾಹ್ನ ಅವಳಿಗೆ ನಿದ್ದೆ ಬಂದಾಗ ಅವಳ ಫೋನ್ ತೆಗೆದುಕೊಂಡೆ. ಅದು ಬೆರಳಚ್ಚು ಕೇಳಿತು. ನಾನು ಸುತ್ತ ನೋಡಿ, ಅವಳ ಹೆಬ್ಬೆರಳನ್ನು ಮೆಲ್ಲ ಎತ್ತಿದೆ. ಆ ಬೆರಳಿಗೆ ಹುಟ್ಟಿದ ದಿನ ಉಗುರೇ ಕಾಣುತ್ತಿರಲಿಲ್ಲ, ಅಷ್ಟು ಸಣ್ಣದಿತ್ತು. ಅದನ್ನು ಕಳ್ಳಿಯ ಹಾಗೆ ಹಿಡಿದು ಫೋನಿಗೆ ತಾಗಿಸುವಾಗ ಅವಳು ಕಣ್ಣು ಬಿಟ್ಟಳು.

“ಅಮ್ಮ, ನನ್ನ ಬೆರಳಿನಲ್ಲಿ ಎಂತ ಮಾಡುತ್ತಿದ್ದಿ?”

ಸುಳ್ಳು ಬಾಯಿಗೆ ಬರಲಿಲ್ಲ. ನೆಲ ನೋಡುತ್ತಾ ಎಲ್ಲ ಹೇಳಿದೆ. ನಗುತ್ತಾಳೆ, ಅಥವಾ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ. ಫೋನ್ ತೆಗೆದುಕೊಂಡು ಎರಡು ಕಡೆ ಒತ್ತಿ ನನ್ನ ಕೈಗೆ ಕೊಟ್ಟಳು. “ನಿಲ್ಲಿಸಿದೆ. ಇಷ್ಟೇ.” ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದಳು, “ಈ ಆಟವನ್ನು ಎಲ್ಲರೂ ಮೊದಲನೇ ಪಾಠವಾಗಿ ಮಾಡುತ್ತಾರೆ. ನಾನು ಹದಿಮೂರರವರೆಗೆ ಯಾಕೆ ಮಾಡಲಿಲ್ಲ ಎಂದುಕೊಂಡಿ?”

ನಾನು ಫೋನನ್ನು ಅವಳ ದಿಂಬಿನ ಪಕ್ಕ ಇಟ್ಟೆ.

“ಮೊದಲಿನದ್ದು ಹೋದಾಗ ಕ್ಲಾಸಿನಲ್ಲಿ ಇದನ್ನೇ ಕಲಿಸುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಂಬಿದ ಹಾಗೆ ಆಗುತ್ತದೆ. ಈ ಸಲ ಬೇಕೆಂದೇ ಮಾಡಿದೆ, ಹೆದರಿಕೆ ಹೋಗಲಿ ಎಂದು. ನೀನು ಬಾಣ ಒತ್ತುವಾಗಲೆಲ್ಲ ನಾನು ಹೊಟ್ಟೆ ಹಿಡಿದುಕೊಂಡಿದ್ದೆ. ನೀನು ಕಣ್ಣು ಮುಚ್ಚಿಕೊಂಡಿದ್ದಿ, ನೋಡಲಿಲ್ಲ.”

ನನಗೆ ಅಲ್ಲಿಯವರೆಗೆ ಇದ್ದದ್ದು ಒಂದು ಪಾಲು ಹೆದರಿಕೆ. ಅವಳ ಮಾತು ಕೇಳಿದ ಮೇಲೆ ಅದು ನಾಲ್ಕು ಪಟ್ಟಾಯಿತು. ಓದಿದವಳು, ಕೋಡ್ ಬರೆಯುವವಳು, ನನ್ನ ಹೆದರಿಕೆಗೆ ಅವಳ ಬುದ್ಧಿ ಒಂದು ಬೇಲಿ ಇದ್ದ ಹಾಗೆ ಇತ್ತು. ನಾನು ಹೆದರಿದರೆ ಅವಳು ನಗುತ್ತಾಳೆ ಎಂಬುದೇ ನನಗೆ ಧೈರ್ಯವಾಗಿತ್ತು. ಅವಳೂ ಹೆದರುವುದಾದರೆ ನಾನು ಯಾರ ಹತ್ತಿರ ಹೋಗಲಿ?

ಗುರುವಾರ ಬೆಳಿಗ್ಗೆ ಯಜಮಾನರನ್ನು ಆಸ್ಪತ್ರೆಯಲ್ಲಿ ಕೂರಿಸಿ, ಸ್ನಾನ ಮಾಡಿ ಒಗೆದ ಸೀರೆ ಉಟ್ಟು, ಮಣಿಪಾಲದಿಂದ ಕಾರ್ಕಳದ ಬಸ್ಸು ಹತ್ತಿದೆ. ನಮ್ಮಲ್ಲಿ ಕುಟುಂಬ ಎಂಬುದು ಹೆಣ್ಣಿನ ಕಡೆಯಿಂದ ಬರುವುದು. ಹಾಗಾಗಿ ನನ್ನ ಅಮ್ಮನ ಮೂಲದ ನಾಗಬನವೇ ನನಗೂ, ಮಗಳಿಗೂ, ಅವಳ ಹೊಟ್ಟೆಯಲ್ಲಿರುವುದಕ್ಕೂ. ಅದು ಕಾರ್ಕಳದಿಂದ ಆಚೆ, ಕಲ್ಲಿನ ಕೋರೆಗಳನ್ನು ದಾಟಿ ಒಳಗೆ ಹೋದರೆ ಸಿಗುತ್ತದೆ. ಬಸ್ಸಿನಲ್ಲಿ ಅರ್ಧಕ್ಕರ್ಧ ಜನರ ಮಡಿಲಲ್ಲಿ ಸೀಯಾಳ, ಅಡಿಕೆಯ ಹಿಂಗಾರ, ಕೇದಗೆ. ಅಷ್ಟು ಪರಿಮಳದಲ್ಲೂ ನನ್ನ ಮೂಗಿಗೆ ಬರುತ್ತಿದ್ದದ್ದು ಆಸ್ಪತ್ರೆಯ ಫಿನಾಯಿಲ್. ಹಿರಿಯಡ್ಕ ದಾಟುವಾಗ ಫೋನ್ ಗುಂಯ್ ಎಂದಿತು. ನೋಡಲು ಧೈರ್ಯ ಬಾರದೆ ಬೈಲೂರಿನವರೆಗೂ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ತೆರೆದು ನೋಡಿದರೆ ಯಜಮಾನರು ಕಳಿಸಿದ್ದು: ‘ಇಡ್ಲಿ ತಿಂದಳು.’

ಬನದಲ್ಲಿ ನನ್ನ ಸರದಿ ಬರುವಾಗ ಭಟ್ಟರ ಕೈ ಹಾಲು ಅರಶಿನದಲ್ಲಿ ಒದ್ದೆಯಾಗಿತ್ತು. ಬಾಲ್ಯದಿಂದ ನನ್ನನ್ನು ಕಂಡವರು. ಮೆಲ್ಲ ಸ್ವರದಲ್ಲಿ ವಿಷಯ ಹೇಳಿದೆ.

“ಎಂತ, ಕಂಪ್ಯೂಟರಿನಲ್ಲಾ?”

“ಹೌದು ಭಟ್ರೇ.”

“ಹೆಡೆ ಉಂಟಾ ಅದಕ್ಕೆ?”

“ಇಲ್ಲ. ಹಸಿರು ಚೌಕ.”

“ಹಾಗಾದರೆ ಕೇರೆ ಹಾವು ಎಂದು ಇಟ್ಟುಕೊಳ್ಳಿ. ದೋಷ ಇಲ್ಲ.”

“ಹಾಗೆ ಇಟ್ಟುಕೊಳ್ಳಲಿಕ್ಕೆ ನನಗೆ ಧೈರ್ಯ ಇಲ್ಲ ಭಟ್ರೇ. ಮಗಳು ಆಸ್ಪತ್ರೆಯಲ್ಲಿ ಇದ್ದಾಳೆ.”

ಅವರು ನನ್ನ ಮುಖ ನೋಡಿದರು. ಆಮೇಲೆ ತಮಾಷೆ ಮಾಡಲಿಲ್ಲ. ಎರಡು ಸೀಯಾಳ ಹೆಚ್ಚು ಕೆತ್ತಿ, “ನಾಗನಿಗೆ ಹಾಲು ಸೀಯಾಳದ ತನು ಎರೆಯುತ್ತೇನೆ. ಹೇಳುವುದನ್ನು ನೀವೇ ಮನಸ್ಸಿನಲ್ಲಿ ಹೇಳಿಕೊಳ್ಳಿ. ನನಗೆ ಆ ಭಾಷೆ ಬರುವುದಿಲ್ಲ,” ಎಂದರು.

ಹಾಲು ಕಲ್ಲಿನ ಹೆಡೆಯಿಂದ ಇಳಿಯುತ್ತಿರುವಾಗ ನಾನು ಹೇಳಿಕೊಂಡೆ. ಒತ್ತಿದ್ದು ನನ್ನ ಕೈ. ಅವಳದ್ದು ಬಾಯಿ ಮಾತ್ರ. ಸಿಟ್ಟಿದ್ದರೆ ಈ ಕೈಯ ಮೇಲೆ ಇರಲಿ, ಅಲ್ಲಿಗೆ ಹೋಗುವುದು ಬೇಡ.

ಶನಿವಾರ ಅವಳನ್ನು ಮನೆಗೆ ಕಳಿಸಿದರು. ರಕ್ತ ನಿಂತಿತ್ತು. ಆದರೆ ಡಾಕ್ಟರಮ್ಮ “ಸದ್ಯಕ್ಕೆ” ಎಂಬ ಶಬ್ದ ಸೇರಿಸಿದ್ದರು. ಆ ಒಂದು ಶಬ್ದ ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಕುಳಿತುಕೊಂಡಿತು. ಅವಳು ಬಚ್ಚಲಿಗೆ ಹೋದರೆ ನಾನು ಬಾಗಿಲ ಹೊರಗೆ ಉಸಿರು ಹಿಡಿದು ನಿಲ್ಲುತ್ತಿದ್ದೆ. ಅವಳು ಒಳಗಿನಿಂದ, “ಏನೂ ಇಲ್ಲ ಅಮ್ಮ,” ಎಂದು ಹೇಳಿದ ಮೇಲೆಯೇ ಅಲ್ಲಿಂದ ಕದಲುತ್ತಿದ್ದದ್ದು.

ಎರಡು ವಾರ ಕಳೆದ ಮೇಲೆ ಅವಳು ಲ್ಯಾಪ್‌ಟಾಪ್ ತೆಗೆಯಲು ಹೇಳಿದಳು. ಹದಿಮೂರನೇ ಪಾಠ ಎಲ್ಲಿ ಎಂದು ಮಕ್ಕಳು ಕೇಳುತ್ತಿದ್ದರಂತೆ. ನಾನು ಆ ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದೆ.

“ಸಾಯುವುದು ಬೇಡ. ಸಾಯುವುದಾದರೆ ನಾನು ಒತ್ತುವುದಿಲ್ಲ,” ಎಂದೆ.

“ಗೋಡೆಗೆ ತಾಗಿದರೆ ಸಾಯದೆ ಆಚೆ ಕಡೆಯಿಂದ ಒಳಗೆ ಬರುವ ಹಾಗೆ ಮಾಡಬಹುದು. ಆದರೆ ಬಾಲ ಕಚ್ಚಿದರೆ ಎಂತ ಮಾಡುವುದು? ಏನಾದರೂ ಆಗಬೇಕಲ್ಲ, ಇಲ್ಲದಿದ್ದರೆ ಆಟ ಹೇಗೆ?”

ನಾನು ಯೋಚಿಸಿದೆ. “ಮರಿಯಾಗಲಿ.”

“ಎಂತ?”

“ಉದ್ದ ಎಲ್ಲ ಹೋಗಿ ಪುನಃ ಮೂರೇ ಚೌಕದ ಮರಿಯಾಗಲಿ. ಮೊದಲಿನಿಂದ ಬೆಳೆಯಲಿ.”

ಅವಳು ಚಾವಣಿ ನೋಡುತ್ತಾ ಲೆಕ್ಕ ಹಾಕಿದಳು. “ಆಗುತ್ತದೆ. ಎರಡು ಸಾಲು ಸಾಕು.” ಆಮೇಲೆ, “ನನ್ನ ಕ್ಲಾಸಿನವರಿಗೆ ಇದು ಹೊಳೆಯಲಿಲ್ಲ,” ಎಂದಳು.

‘ಡೆಡ್’ ಎಂಬ ಹೆಸರನ್ನೂ ಅಳಿಸಬೇಕೆಂದು ನಾನು ಹಟ ಹಿಡಿದೆ. ಅದು ಒಳಗಿನ ಹೆಸರು, ಆಡುವವರಿಗೆ ಕಾಣುವುದೇ ಇಲ್ಲ, ಕಂಪ್ಯೂಟರಿಗೆ ಯಾವ ಹೆಸರಿಟ್ಟರೂ ಒಂದೇ ಎಂದು ಅವಳು ಹೇಳಿದಳು. ಕಂಪ್ಯೂಟರಿಗೆ ಒಂದೇ ಇರಬಹುದು, ಒತ್ತುವ ನನಗೆ ಒಂದೇ ಅಲ್ಲ ಎಂದೆ. ಅದಕ್ಕೆ ‘ಮರಿ’ ಎಂದು ಹೆಸರಿಟ್ಟೆವು. ಒಳಗಿನ ಹೆಸರನ್ನು ಓದುವವರಿಗೆ ಅರ್ಥವಾಗುವ ಹಾಗೆ ಇಡಬೇಕು ಎಂದು ಅವಳು ಪಾಠದಲ್ಲಿ ಐದು ನಿಮಿಷ ಅದನ್ನೇ ವಿವರಿಸಿದಳು. ನಮ್ಮ ಹೆದರಿಕೆಯ ಬಗ್ಗೆ ಇಬ್ಬರೂ ಏನೂ ಹೇಳಲಿಲ್ಲ. ಪರೀಕ್ಷೆ ಮಾಡಿ ನೋಡುವಾಗ ನಾನು ಮೊದಲ ಸಲ ಕಣ್ಣು ತೆರೆದು ಗುಂಡಿ ಒತ್ತಿದೆ. ಹಾವು ಎಡಗೋಡೆಯಲ್ಲಿ ಮಾಯವಾಗಿ ಬಲಗೋಡೆಯಿಂದ ಬಂತು. ಪಾಠ ಹಾಕಿದ ಮೇಲೆ ಯಾರೋ ಬರೆದರು, ‘ಅಕ್ಕ, ಇದು ಮುಗಿಯುವುದೇ ಇಲ್ಲವಲ್ಲ, ಊಟಕ್ಕೆ ಏಳುವುದು ಹೇಗೆ’ ಎಂದು. ಅವಳು ಹೊಟ್ಟೆ ಕುಲುಕದ ಹಾಗೆ ಜಾಗ್ರತೆಯಿಂದ ನಕ್ಕಳು.

ಅಷ್ಟರಲ್ಲಿ ನನ್ನ ಬಲಗೈಯ ಮಣಿಕಟ್ಟಿನಲ್ಲಿ ಒಂದು ಕೆಂಪು ಕಲೆ ಎದ್ದಿತ್ತು. ಸಣ್ಣ ಸಣ್ಣ ಪೊರೆ ಏಳುತ್ತಿತ್ತು, ತುರಿಸುತ್ತಿತ್ತು. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ನನಗೆ ಅದನ್ನು ಕಂಡಾಗ ಆದದ್ದು ಸಮಾಧಾನ. ಕೇಳಿಕೊಂಡದ್ದು ಕೇಳಿಸಿತು, ಕೈಗೇ ಬಂತು, ಅಲ್ಲಿಗೆ ಹೋಗಲಿಲ್ಲ. ಬಳೆಗಳನ್ನು ಅದರ ಮೇಲೆ ಸರಿಸಿಕೊಂಡು ಓಡಾಡಿದೆ. ಮುಲಾಮು ಹಚ್ಚಲಿಲ್ಲ. ಇಲ್ಲಿಂದ ಓಡಿಸಿದರೆ ಅದು ಎಲ್ಲಿಗೆ ಹೋದೀತು ಎಂಬ ಹೆದರಿಕೆ.

ನವೆಂಬರ್ ಕೊನೆಗೆ, ದಿನ ತುಂಬಲು ಎರಡು ವಾರ ಇರುವಾಗ, ಹೆಣ್ಣು ಮಗು ಹುಟ್ಟಿತು. ಎರಡೂಕಾಲು ಕಿಲೋ. ಹುಟ್ಟಿದ ಕೂಡಲೇ ಅತ್ತಿತು. ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಗಲಿಲ್ಲ. ಎದೆಹಾಲು ಹಿಡಿಯಿತು. ಅಳಿಯ ನಾಲ್ಕನೇ ದಿನಕ್ಕೆ ಬಂದ. ಇಷ್ಟನ್ನು ನಾನು ಈಗಲೂ ದಿನಾ ದೀಪ ಹಚ್ಚುವಾಗ ಇದೇ ಕ್ರಮದಲ್ಲಿ ಹೇಳಿಕೊಳ್ಳುತ್ತೇನೆ.

ಮಗುವಿಗೆ ಎಣ್ಣೆ ಹಚ್ಚುವಾಗ ಬಳೆ ತೆಗೆದಿಟ್ಟಿದ್ದೆ. ಮಗಳು ಕಂಡಳು.

“ಇದು ಎಷ್ಟು ದಿನದಿಂದ ಉಂಟು?”

“ಸೋಪಿನದ್ದು.”

“ಅಮ್ಮ.”

ಮತ್ತೊಮ್ಮೆ ನೆಲ ನೋಡುತ್ತಾ ಹೇಳಬೇಕಾಯಿತು, ಬನದಲ್ಲಿ ಏನು ಕೇಳಿಕೊಂಡಿದ್ದೆ ಎಂದು. ಅವಳು ನನ್ನ ಕೈ ಹಿಡಿದು ಕಲೆಯನ್ನು ಹೆಬ್ಬೆರಳಿನಿಂದ ಸವರಿ, “ನನ್ನನ್ನು ಕೇಳದೆ ಇಂಥ ಮಾತು ಕೊಟ್ಟು ಬಂದೆಯಲ್ಲ,” ಎಂದು ಅತ್ತಳು. ಬಾಣಂತಿ ಅಳಬಾರದು ಎಂದೆ. ಹಾಗಾದರೆ ಡಾಕ್ಟರ ಹತ್ತಿರ ನಡೆ ಎಂದಳು.

ಚರ್ಮದ ಡಾಕ್ಟರು ಒಂದು ಟ್ಯೂಬ್ ಬರೆದುಕೊಟ್ಟರು. ಪಾತ್ರೆ ತೊಳೆಯುವವರಿಗೆ ಬರುವುದೇ, ಒಂದು ತಿಂಗಳಲ್ಲಿ ಹೋಗುತ್ತದೆ ಎಂದರು. ಮನೆಯಲ್ಲಿ ಮಗಳು ಮಗುವನ್ನು ಎತ್ತಿಕೊಂಡು ಎದುರು ನಿಂತು ಹಚ್ಚಿಸುತ್ತಾಳೆ, ಹಚ್ಚುವವರೆಗೆ ಕದಲುವುದಿಲ್ಲ. ಕಲೆ ಸಣ್ಣದಾಗುತ್ತಾ ಬಂದಿದೆ. ಅದು ಸಣ್ಣದಾದಷ್ಟೂ ನನಗೆ ಭಯ. ದಿನಾ ಬೆಳಿಗ್ಗೆ ಮಗುವನ್ನು ಕಾಲಿನ ಮೇಲೆ ಮಲಗಿಸಿ ಬಿಸಿನೀರು ಹೊಯ್ಯುವಾಗ, ಕತ್ತಿನ ಮಡಿಕೆ, ಕಂಕುಳು, ಮೊಣಕಾಲಿನ ಹಿಂದೆ, ಬೆರಳ ಸಂದು ಒಂದನ್ನೂ ಬಿಡದೆ ತಿರುಗಿಸಿ ನೋಡುತ್ತೇನೆ. ಬಾಗಿಲಲ್ಲಿ ನಿಂತ ಮಗಳು ಏನೂ ಕೇಳುವುದಿಲ್ಲ, ನಾನು ಹೇಳುವವರೆಗೆ ಅಲ್ಲೇ ಇರುತ್ತಾಳೆ.

“ಏನೂ ಇಲ್ಲ,” ಎನ್ನುತ್ತೇನೆ. ಅವಳು ಟವೆಲ್ ಕೊಡುತ್ತಾಳೆ.